ಎಡಗೋಡಿನ ಹಳದಿ

ಇವತ್ತು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು ಯಂತ್ರ ಚಾಲೂ ಮಾಡಿದರೆ ಹಳದಿ ಇಂಕು ಮುಗಿದಿತ್ತು. ಹೊಸ ಬಾಟಲಿಯ ಮುಚ್ಚಳ ತಿರುವಿದೆ. ಫ್ಲೆಕ್ಸ್ ಇಂಕಿನ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಸೀಮೆಎಣ್ಣೆಯನ್ನೂ ಉಗುರುಬಣ್ಣವನ್ನೂ ಒಂದೇ ಬಾಟಲಿಯಲ್ಲಿ ಹಾಕಿಟ್ಟಂತಿರುತ್ತದೆ. ಒಮ್ಮೆ ಮೂಗಿಗೆ ಅಡರಿತೆಂದರೆ ಮಧ್ಯಾಹ್ನದ ರೊಟ್ಟಿಗೂ ಅದೇ ರುಚಿ. ಆದರೂ ಈ ಹಳದಿ ಬಾಟಲಿ ತೆರೆದಾಗ ಮಾತ್ರ ನನಗೆ ಚಿಕ್ಕೇರೂರಿನ ನೀಲಕ್ಕ ನೆನಪಾಗುತ್ತಾಳೆ, ಮನಸ್ಸು ಹಗುರಾಗುತ್ತದೆ. ಎದುರಿಗೆ ಹತ್ತಿಮತ್ತೂರಿನ ಗಿರಾಕಿಯೊಬ್ಬರು ತಮ್ಮ ಹೋರಿಯ ಬ್ಯಾನರಿಗೆಂದು ಊರವರ ಫೋಟೊಗಳನ್ನೆಲ್ಲ ಮೊಬೈಲಿನಲ್ಲಿ ತುಂಬಿಕೊಂಡು ಬಂದಿದ್ದರು. "ಕುಂತ್ಕೋರಿ, ಚಾ ಕುಡೀರಿ, ಇಂಕ್ ಹಾಕಿ ಬರ್ತೇನಿ" ಎಂದೆ. ಅವರು ಚಹಾ ಕುಡಿಯಲಿ, ಅಷ್ಟರಲ್ಲಿ ನಿಮಗೆ ನೀಲಕ್ಕನ ಸಂಗತಿ ಹೇಳಿಬಿಡುತ್ತೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು, ಇಲ್ಲದಿದ್ದರೆ ನಾನೆಂಥ ಕಲಾವಿದ ಎಂಬುದು ನಿಮಗೆ ತಿಳಿಯುವುದಿಲ್ಲ. ಶಿಗ್ಗಾಂವಿಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಹಾನಗಲ್ಲಿನಿಂದ ಸವಣೂರಿನವರೆಗೆ ಯಾವ ಸರ್ಕಲ್ಲಿನಲ್ಲಿ ನಿಂತರೂ ನನ್ನ ಕೈಕೆಲಸ ನಿಮ್ಮ ಕಣ್ಣಿಗೆ ಬೀಳುತ್ತದೆ. ಹುಟ್ಟುಹಬ್ಬದವನ ದೊಡ್ಡ ಮುಖ, ಅದರ ಹಿಂದೆ ಒಂದು ಸೂರ್ಯ, ಕೆಳಗೆ ಗುಂಡು ಗುಂಡಾಗಿ ಶುಭ ಕೋರುವವರ ಸಾಲು. ಈ ಸಾಲಿನಲ್ಲೇ ಇರುವುದು ಕಸುಬಿನ ಕಷ್ಟ. ಒಂದು ಮುಖ ಬಿಟ್ಟುಹೋಯಿತೋ, ಆ ಮುಖವೇ ಮರುದಿನ ಅಂಗಡಿಗೆ ಬಂದು "ನಾವೇನ್ ಮನಷ್ಯಾರಲ್ಲೇನ್ರಿ" ಎಂದು ಕೇಳುತ್ತದೆ. ಹೀಗಾಗಿ ನನಗೆ ಜಾಗ ಖಾಲಿ ಬಿಡುವುದೇ ಗೊತ್ತಿರಲಿಲ್ಲ. ಎಲ್ಲಾದರೂ ಬೆರಳಗಲ ಜಾಗ ಉಳಿದರೆ ಅಲ್ಲೊಂದು ಗುಲಾಬಿ ಇಡುತ್ತಿದ್ದೆ.

ನೀಲಕ್ಕ ನನ್ನ ದೊಡ್ಡಪ್ಪನ ಮಗಳು. ಹಂಸಭಾವಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ದೊಡ್ಡಪ್ಪನದೊಂದು ಹೋರಿ ಇತ್ತು, ಹೆಸರು ಗುಬ್ಬಿ. ನಮ್ಮ ಕಡೆ ದೀಪಾವಳಿಯ ನಂತರ ನಡೆಯುವ ಹೋರಿ ಹಬ್ಬ ನೀವು ನೋಡಿರದಿದ್ದರೆ ಹೇಳುತ್ತೇನೆ: ಕೊರಳಿಗೆ ಕೊಬ್ರಿ ಹಾರ ಕಟ್ಟಿ ಹೋರಿಯನ್ನು ಜನರ ನಡುವೆ ಬಿಡುತ್ತಾರೆ, ಅದು ಓಡುತ್ತದೆ, ಗಂಡಸರು ಮೇಲೆ ಬಿದ್ದು ಕೊಬ್ರಿ ಹರಿಯಲು ನೋಡುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಬೇರೆ ಹೋರಿಗಳಿಗೆಲ್ಲ ಹುಲಿ, ಸಿಂಹ, ಸರದಾರ ಎಂಬ ಹೆಸರುಗಳಿರುವಾಗ ಆನೆಯಂಥ ಈ ಹೋರಿಗೆ ಗುಬ್ಬಿ ಅಂತ ಯಾಕೆ ಇಟ್ಟರೆಂದರೆ, ಅದು ಅಷ್ಟು ಮಂದಿಯ ನಡುವೆ ಸಿಕ್ಕ ಸಂದಿಯಲ್ಲಿ ನುಸುಳಿ ಪಾರಾಗುತ್ತಿತ್ತು. ಯಾರಿಗೂ ಕೋಡು ತಾಗಿಸಿದ್ದಿಲ್ಲ. ಉಳಿದವರು ತಮ್ಮ ಹೋರಿಗೆ ಬಲೂನು, ರಿಬ್ಬನ್ನು, ಮಿಂಚುವ ಹೊದಿಕೆ ಎಂದು ಮದುವೆಯ ಮಂಟಪವನ್ನೇ ಕಟ್ಟಿದರೆ, ದೊಡ್ಡಪ್ಪ ಗುಬ್ಬಿಯ ಎಡಗೋಡಿಗೆ ಒಂದು ಹಳದಿ ಬಟ್ಟೆ ಸುತ್ತಿ ಬಿಡುತ್ತಿದ್ದ. ಅಷ್ಟೇ.

ಗುಬ್ಬಿ ಹೋಯಿತು. ಅದರ ಹಿಂದೆಯೇ ದೊಡ್ಡಪ್ಪನೂ ಹೋದ. ಆಮೇಲೆ ನೀಲಕ್ಕ ಯಾರೂ ನೆನೆಸದ ಕೆಲಸಕ್ಕೆ ಕೈಹಾಕಿದಳು. ಲ್ಯಾಪ್‌ಟಾಪ್ ಮುಂದೆ ಕುಳಿತು, ಕಲಿಯಬೇಕಾದ್ದನ್ನೆಲ್ಲ ತಾನೇ ಕಲಿತು, ಒಂದು ವಿಡಿಯೊ ಗೇಮ್ ಕಟ್ಟಿದಳು, ಹೆಸರು 'ಗುಬ್ಬಿ'. ಅದರಲ್ಲಿ ಆಡುವವರೇ ಹೋರಿ. ಕೊಬ್ರಿ ಕಳೆದುಕೊಳ್ಳದೆ, ಯಾರಿಗೂ ಪೆಟ್ಟು ಮಾಡದೆ ಅಖಾಡ ದಾಟಬೇಕು. ನಾನೂ ಆಡಿದೆ, ಮೊದಲ ಓಟದಲ್ಲೇ ಊರಿನ ಅರ್ಧ ಜನರನ್ನು ಕೆಡವಿದೆ. ನೀಲಕ್ಕ ನನ್ನನ್ನು ನೋಡಿ, "ನೀ ಹೋರಿ ಅಲ್ಲಲೇ ತಮ್ಮಾ, ಜೆಸಿಬಿ" ಎಂದಳು. ಅವಳ ಆಟದಲ್ಲಿ ಗುಬ್ಬಿಯ ಉಸಿರು ಸಹ ಕೇಳಿಸುತ್ತಿತ್ತು. ಒಬ್ಬಳೇ ಕೂತು ಇಷ್ಟೆಲ್ಲ ಮಾಡಿದಳಲ್ಲ ಎಂದು ನನಗೆ ಹೆಮ್ಮೆಯಾಯಿತು.

ಒಂದು ಭಾನುವಾರ ಅವಳು ಚಹಾದ ಜೊತೆ ತಿನ್ನಲೆಂದು ಸವಣೂರಿನ ಖಾರದ ಪೊಟ್ಟಣ ಹಿಡಿದು ಅಂಗಡಿಗೆ ಬಂದಳು. ಇಂಥ ಆಟಗಳನ್ನು ಮಾರುವ ಆನ್‌ಲೈನ್ ಸ್ಟೋರಿನಲ್ಲಿ ಹೊಸ ಆಟಗಳಿಗೆಂದೇ ಒಂದು ವಾರ ಮೀಸಲಾಗಿತ್ತಂತೆ, ಜಗತ್ತಿನ ಎಲ್ಲ ಕಡೆಯ ಆಟಗಳ ನಡುವೆ ಅವಳದೂ ಕೂರಲಿತ್ತಂತೆ.

"ಜನ ಮೊದಲು ನೋಡೋದು ಆಟದ ಕವರ್ ಚಿತ್ರ ಒಂದ ತಮ್ಮಾ, ಅದನ್ನ ನೀನ ಮಾಡಿಕೊಡಬೇಕು. ಅದು ಹಿಡಿಸಿದ್ರ ಒತ್ತತಾರ, ಇಲ್ಲಂದ್ರ ಬೆರಳ ಮುಂದಕ್ಕ ಸರೀತೈತಿ. ಆ ವಾರ ಯಾರೂ ನೋಡಲಿಲ್ಲಂದ್ರ ಇದನ್ನ ಇಲ್ಲಿಗೇ ಬಿಡ್ತೇನಿ. ಗುಬ್ಬೀನ ಮತ್ತೊಮ್ಮೆ ಸಾಯಿಸಿದಂಗ ಆಕ್ಕೈತಿ, ಆದ್ರ ಬಿಡ್ತೇನಿ."

ಅವಳು ನಗುತ್ತ ಹೇಳಿದಳು. ಆದರೆ ಖಾರದ ಪೊಟ್ಟಣದ ದಾರ ಬಿಚ್ಚುವ ಬದಲು ಅದಕ್ಕೆ ಇನ್ನೊಂದು ಗಂಟು ಹಾಕಿದಳು.

"ನೀ ಚಿಂತಿ ಬಿಡಕ್ಕ. ನಾ ಅದೇನಿ" ಎಂದೆ. ಆ ಧೈರ್ಯ ನೆನೆದರೆ ಈಗಲೂ ನಗು ಬರುತ್ತದೆ.

ನಾನು ಮಾಡಿದ ಕವರ್ ಕೇಳಿ. ನಡುವೆ ಗುಬ್ಬಿ, ಕೊರಳ ತುಂಬ ಕೊಬ್ರಿ. ಹಿಂದೆ ಸೂರ್ಯ. ಎಡಕ್ಕೆ ಓಡುವ ಜನ, ಬಲಕ್ಕೆ ಮಾಳಿಗೆಯ ಮೇಲಿನ ಜನ. ಬಂಗಾರದ ಅಕ್ಷರದಲ್ಲಿ 'ಗುಬ್ಬಿ', ಅಕ್ಷರಕ್ಕೆ ಬೆಂಕಿ. ಮೇಲೆ ಮೂಲೆಯಲ್ಲಿ, ಮೋಡದ ನಡುವಿನಿಂದ ಆಶೀರ್ವಾದ ಮಾಡುವಂತೆ, ದೊಡ್ಡಪ್ಪನ ಫೋಟೊ. ಕೆಳಗೆ ಎರಡು ಗುಲಾಬಿ. ಇಷ್ಟು ಭಕ್ತಿಯಿಂದ ನಾನು ಯಾವ ಶಾಸಕರ ಬ್ಯಾನರೂ ಮಾಡಿದ್ದಿಲ್ಲ.

ನೀಲಕ್ಕ ಅದನ್ನು ಬಹಳ ಹೊತ್ತು ನೋಡಿದಳು. ಚೆನ್ನಾಗಿಲ್ಲ ಎನ್ನಲಿಲ್ಲ. ತನ್ನ ಮೊಬೈಲಿಗೆ ಹಾಕಿಕೊಂಡು, ಸ್ಟೋರಿನಲ್ಲಿ ಕಾಣುವಂತೆ ಸಣ್ಣದು ಮಾಡಿ, ಬೇರೆ ಆಟಗಳ ಚಿತ್ರಗಳ ನಡುವೆ ಇಟ್ಟು ನನ್ನ ಮುಂದೆ ಹಿಡಿದಳು. ಎಲ್ಲ ಸೇರಿ ಉಗುರಿನಷ್ಟಾಗಿತ್ತು. ಉಳಿದ ಚಿತ್ರಗಳಲ್ಲಿ ಬಹುಪಾಲು ಯಾರೋ ಬಾಯಿ ತೆರೆದು ಚೀರುತ್ತಿದ್ದರು. ನಮ್ಮದು, ಸುಳ್ಳು ಯಾಕೆ ಹೇಳಲಿ, ತಾಟಿಗೆ ಅಂಟಿದ ಉಪ್ಪಿಟ್ಟಿನ ಹಾಗೆ ಕಾಣುತ್ತಿತ್ತು.

"ಗುಬ್ಬಿ ಎಲ್ಲೈತಿ ತೋರಸು."

ನಾನು ಬೆರಳಿಟ್ಟು ತೋರಿಸಿದೆ. ಬೆರಳಿಟ್ಟ ಮೇಲೆ ಏನೂ ಕಾಣಲಿಲ್ಲ.

ಆಗ ಅವಳು ಮೊಬೈಲನ್ನು ಬದಿಗಿಟ್ಟು ಕೇಳಿದಳು. "ಸಣ್ಣಾವಿದ್ದಾಗ ನಾವು ಮಾಳಿಗಿ ಮ್ಯಾಲ ಕುಂತಿರ್ತಿದ್ವಿ. ಹೋರಿ ಅಲ್ಲೆಲ್ಲೋ ದೂರ ಧೂಳದಾಗ ಇರ್ತಿತ್ತು. ಮಾರಿ ಕಾಣತಿರಲಿಲ್ಲ, ಮೈ ಕಾಣತಿರಲಿಲ್ಲ. ಆದ್ರೂ ಎಲ್ಲಾರೂ ಕೂಡೇ 'ಗುಬ್ಬಿ ಬಂತು' ಅಂತಿದ್ರಲ್ಲ, ಹೆಂಗ?"

"ಹಳದಿ ಕೋಡು ನೋಡಿ," ಎಂದೆ.

"ಹಂಗಾರ ಅದನ್ನ ಬರಿ. ಬಾಕಿದೆಲ್ಲಾ ತಗಿ."

ಸಂಕಟದ ಕೆಲಸ ಅದು. ಜನರನ್ನು ತೆಗೆದೆ. ಸೂರ್ಯನನ್ನು ತೆಗೆದೆ. ಗುಲಾಬಿ ತೆಗೆಯುವಾಗ ಅಂಗಡಿಯ ಲೈಸೆನ್ಸನ್ನೇ ಹರಿದಂತಾಯಿತು. ಕೊನೆಗೆ ಅವಳು ದೊಡ್ಡಪ್ಪನ ಫೋಟೊದ ಮೇಲೆ ಬೆರಳಿಟ್ಟು, "ಇದನ್ನೂ" ಎಂದಾಗ ನನ್ನ ಕೈ ನಿಂತುಬಿಟ್ಟಿತು. ಸಿಟ್ಟೂ ಬಂತು. ಯಾರು ಯಾರದೋ ಮುಖ ಹಾಕುವ ಅಂಗಡಿಯಲ್ಲಿ ನಮ್ಮ ದೊಡ್ಡಪ್ಪನಿಗೆ ಜಾಗವಿಲ್ಲವೆ?

"ಹೆತ್ತಪ್ಪನ್ನ ತಗೀ ಅಂತೀಯಲ್ಲಕ್ಕ."

ಅವಳು ಸಿಟ್ಟಾಗಲಿಲ್ಲ. "ಅಪ್ಪ ಯಾವತ್ತಾರ ಹೋರಿ ಮುಂದ ನಿಂತು ಫೋಟೊ ಹೊಡಿಸ್ಯಾನೇನು? ಹಿಂದ ನಿಂತು ಹಗ್ಗ ಬಿಡಾಂವ ಅವ. ಆ ಹಳದಿ ಬಟ್ಟಿ ಎಲ್ಲಿದು, ಮರತೇನು?"

ಮರೆತಿರಲಿಲ್ಲ, ಆದರೆ ಆ ಕ್ಷಣದವರೆಗೆ ನೆನಪಾಗಿರಲಿಲ್ಲ. ಹಬ್ಬದ ಬೆಳಿಗ್ಗೆ ದೊಡ್ಡಪ್ಪ ತಲೆಯ ಹಳದಿ ರುಮಾಲು ಬಿಚ್ಚಿ, ಹಲ್ಲಿನಿಂದ ಅದರ ಅಂಚು ಕಚ್ಚಿ, ಪರ್ರೆಂದು ಒಂದು ಪಟ್ಟಿ ಹರಿಯುತ್ತಿದ್ದ. ಅದನ್ನೇ ಗುಬ್ಬಿಯ ಕೋಡಿಗೆ ಸುತ್ತುತ್ತಿದ್ದ. ಪ್ರತಿ ವರ್ಷ ಅವನ ರುಮಾಲು ಅಷ್ಟಷ್ಟು ಗಿಡ್ಡಾಗುತ್ತಿತ್ತು, ದೊಡ್ಡವ್ವ ಅಷ್ಟಷ್ಟು ಬೈಯುತ್ತಿದ್ದಳು.

ನಾನು ಫೋಟೊ ತೆಗೆದೆ.

ಕೊನೆಗೆ ಉಳಿದದ್ದು ಇಷ್ಟು: ಧೂಳಿನ ಕಂದು ಬಣ್ಣ, ಅದರೊಳಗಿಂದ ನಮ್ಮತ್ತ ನುಗ್ಗಿ ಬರುವ ಎರಡು ಕಪ್ಪು ಕೋಡು, ಒಂದಕ್ಕೆ ಹಳದಿ. ಹಳದಿಯನ್ನು ಇನ್ನೂ ಗಾಢ ಮಾಡಬೇಕೆಂದು ಮಾತ್ರ ನೀಲಕ್ಕ ಹಟ ಹಿಡಿದಳು. ಮೊಬೈಲನ್ನು ಅಂಗಡಿಯ ಗೋಡೆಗೆ ಆನಿಸಿ, ರಸ್ತೆ ದಾಟಿ ಆಚೆ ಪಾನ್ ಅಂಗಡಿಯ ಮುಂದೆ ನಿಂತು, ಬಸ್ಸು, ಟಂಟಂ ಆಟೋಗಳ ನಡುವಿನಿಂದ ಇಣುಕಿ ನೋಡುವಳು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಕೈ ಮಾಡುವಳು. ಪಾನ್ ಅಂಗಡಿಯವರು ನನ್ನನ್ನು ಕರೆದು "ಟೀಚರಿಗೆ ಏನಾಗೈತ್ರಿ" ಎಂದು ಕೇಳಿದರು. ಕಡೆಗೊಮ್ಮೆ ಅವಳು ಅಲ್ಲಿಂದಲೇ, ಕಾಣಿಸಿತು ಎಂಬಂತೆ, ಎರಡೂ ಕೈ ಮೇಲೆತ್ತಿದಳು. ಇಂಥ ಹೆಂಗಸನ್ನು ಮೆಚ್ಚದೆ ಇರುವುದು ಹೇಗೆ ಹೇಳಿ.

ಆ ವಾರ ಶುರುವಾದ ಮೇಲೆ ನಾನು ಫೋನು ಮಾಡಲಿಲ್ಲ, ಹೆದರಿಕೆ. ಅವಳೂ ಮಾಡಲಿಲ್ಲ. ವಾರ ಮುಗಿಯುವ ಹೊತ್ತಿಗೆ ಒಂದು ಸಂಜೆ ಅವಳೇ ಮಾಡಿದಳು. ಮೊದಲು ಮೂಗು ಏರಿಸುವ ಸಪ್ಪಳ ಕೇಳಿತು.

"ಆಡಾಕತ್ತಾರ ತಮ್ಮಾ. ಯಾವ್ಯಾವ ದೇಶದವರೋ. ಗುಬ್ಬಿ ಅನ್ನಾಕ ಬರಂಗಿಲ್ಲ ಅವರಿಗೆ. ತಮ್ಮ ತಮ್ಮ ಭಾಷಾದಾಗ ಬರದಾರ, ಹಳದಿ ಕೋಡಿನ ಆಟ, ಹಳದಿ ಕೋಡಿನ ಆಟ ಅಂತ." ಆಮೇಲೆ ಅಂದಳು, "ಅಪ್ಪನ ರುಮಾಲು ಗುರ್ತ ಹಿಡದಾರಲೇ."

ನಾನು ಅಂಗಡಿಯ ಶಟರ್ ಅರ್ಧ ಇಳಿಸಿ ಒಳಗೆ ಕುಳಿತು ಅತ್ತೆ. ಗಿರಾಕಿಗಳು ಬಂದರೆ ಇಂಕು ಕಣ್ಣಿಗೆ ಸಿಡಿಯಿತು ಎಂದು ಹೇಳುವವನಿದ್ದೆ.

ಇಂಕು ತುಂಬಿತು. ಹತ್ತಿಮತ್ತೂರಿನವರ ಚಹಾ ಮುಗಿದಿದೆ. ಮೊಬೈಲು ಮುಂದೆ ಚಾಚಿ, "ಇವ್ರನ್ನೆಲ್ಲಾ ಹಾಕ್ರಿ, ಒಬ್ರನ್ನೂ ಬಿಡಬ್ಯಾಡ್ರಿ" ಎನ್ನುತ್ತಿದ್ದಾರೆ. ಹಾಕುತ್ತೇನೆ, ನನ್ನ ಹೊಟ್ಟೆಪಾಡು ಅದು. ಆದರೆ ಈಚೆಗೆ ನಾನು ಎಲ್ಲರನ್ನೂ ಮೊದಲು ಒಂದು ಮಾತು ಕೇಳುತ್ತೇನೆ, ಅವರನ್ನೂ ಕೇಳಿದೆ.

"ನಿಮ್ಮ ಹೋರೀನ ದೂರದಿಂದ ಹೆಂಗ ಗುರ್ತ ಹಿಡೀತೀರಿ?"

ಅವರು ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ಕಣ್ಣು ಕಿರಿದು ಮಾಡಿ ಅಂಗಡಿಯ ಗೋಡೆಯಾಚೆ ಎಲ್ಲೋ ನೋಡಿದರು. ಆಮೇಲೆ ಮೆಲ್ಲಗೆ, "ನಮ್ಮವ್ವ ಅದಕ್ಕೊಂದು ಗೆಜ್ಜಿ ಕಟ್ಟತಿದ್ಲು ನೋಡ್ರಿ" ಎಂದು ಶುರು ಮಾಡಿದರು.