ದೊಡ್ಡಕ್ಕನ ಮೂತಿ

ದೊಡ್ಡ ಯಜಮಾನರ ಷೆಡ್ಡಿನಲ್ಲಿ ಇದ್ದದ್ದು ಎರಡೇ ಕಾರು. ಎರಡೂ ಇಟಲಿಯವು, ಎರಡೂ ಓಟಕ್ಕೆಂದೇ ಹುಟ್ಟಿದವು. ಒಂದು ಅರವತ್ತರ ದಶಕದ್ದು, ಇನ್ನೊಂದು ಎಂಬತ್ತರ ದಶಕದ್ದು. ಟಿಂಕರ್ ಮೇಸ್ತ್ರಿ ಮೂವತ್ತೆರಡು ವರ್ಷ ಅವುಗಳ ಮೈ ಕಾಯ್ದವನು. ಹಳೆಯದನ್ನು ದೊಡ್ಡಕ್ಕ ಎನ್ನುತ್ತಿದ್ದ, ಹೊಸದನ್ನು ತಂಗಿ.

“ತಂಗಿ ಮೆಷಿನ್ನಲ್ಲಿ ಒತ್ತಿದೋಳು ಕಣೇ,” ಎಂದು ಹೆಂಡತಿಯೆದುರು ಶುರುಮಾಡುವನು. “ಎಡಕ್ಕೂ ಬಲಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ಚಾಕು ಇಟ್ಟು ಕೊಯ್ದ ಹಾಗೆ ಮೈ. ದೊಡ್ಡಕ್ಕನ್ನ ಯಾರೋ ಪುಣ್ಯಾತ್ಮ ಮರದ ಅಚ್ಚಿನ ಮೇಲೆ ತಗಡಿಟ್ಟು ಕೈಯಲ್ಲೇ ಬಡಿದಿದಾನೆ. ಮುಂದಿನ ದೀಪ ನೋಡು, ಎಡಗಣ್ಣು ಬಲಗಣ್ಣಿಗಿಂತ ಅರ್ಧ ಬೆರಳು ಮೇಲೆ.”

“ನನ್ನ ಯಾವ ಕಣ್ಣು ಮೇಲಿದೆ, ಹೇಳಿ ನೋಡೋಣ.”

ಮೇಸ್ತ್ರಿ ಊಟದ ತಟ್ಟೆ ನೋಡುವನು.

ಬೀದಿಯ ಉಳಿದ ಟಿಂಕರುಗಳು ಅವನಿಗೆ ‘ಒರೆಸೋ ಮೇಸ್ತ್ರಿ’ ಎಂದು ಹೆಸರಿಟ್ಟಿದ್ದರು. ಎರಡು ಕಾರು ಒರೆಸಿಕೊಂಡು ಹೊಟ್ಟೆ ಹೊರೆಯುವವನು ಎಂದು. ಮೇಸ್ತ್ರಿ ನುಂಗಿಕೊಂಡಿದ್ದ. ಇಪ್ಪತ್ತು ವರ್ಷದ ಹಿಂದೆ ದೊಡ್ಡ ಯಜಮಾನರು ದೊಡ್ಡಕ್ಕನನ್ನು ಗೇಟಿನ ಕಂಬಕ್ಕೆ ಗುದ್ದಿ ಮೂತಿ ಜಜ್ಜಿಹಾಕಿದ್ದರು. ಷೆಡ್ಡಿನ ಬಾಗಿಲು ಹಾಕಿಕೊಂಡು ನಾಲ್ಕು ತಿಂಗಳು ಬಡಿದು ಹೊಸ ಮೂತಿ ಮಾಡಿದವನು ಇವನೇ. ಒಂದು ಚಿಟಿಕೆ ಪುಟ್ಟಿ ಮೆತ್ತಲಿಲ್ಲ. ಕಣ್ಣಿನ ಆ ಅರ್ಧ ಬೆರಳನ್ನೂ ಬಿಡಲಿಲ್ಲ. “ಇದು ನಮ್ಮಿಬ್ಬರಲ್ಲೇ ಇರ್ಲಿ ಮೇಸ್ತ್ರಿ,” ಎಂದಿದ್ದರು ಯಜಮಾನರು. ಅವರು ಕಣ್ಣು ಮುಚ್ಚಿದ ಮೇಲೂ ಅದು ಹಾಗೇ ಇತ್ತು, ಹೆಂಡತಿಗೂ ಹೇಳಿರಲಿಲ್ಲ.

ಈಗ ಅವರ ಮಗ, ಚಿಕ್ಕ ಯಜಮಾನ, ಎರಡರಲ್ಲೊಂದನ್ನು ದೊಡ್ಡ ಪ್ರದರ್ಶನಕ್ಕೆ ಕಳಿಸಬೇಕೆಂದು ಹಳೇ ಕಾರುಗಳ ಪರೀಕ್ಷಕರೊಬ್ಬರನ್ನು ಕರೆಸಿದ. ಅವರು ತಂಗಿಯ ಬಾಗಿಲು ತೆಗೆದರು, ಮಡಚಿಕೊಳ್ಳುವ ದೀಪ ಎಬ್ಬಿಸಿದರು. “ಓಟದಲ್ಲಿ ಇದೇ ಮುಂದು. ಆದ್ರೆ ಲೆಕ್ಕ ಹಾಕಿ ಮಾಡಿದ್ದು,” ಎಂದರು. ಆಮೇಲೆ ದೊಡ್ಡಕ್ಕನ ಮೂತಿಯ ಮೇಲೆ ಅಂಗೈ ಇಟ್ಟವರು ತೆಗೆಯಲೇ ಇಲ್ಲ.

“ಇಂಥ ಕೈ ಈಗ ಇಟಲೀಲೂ ಇಲ್ಲ. ಬಡಿದೋನು ಸತ್ತು ಎಷ್ಟು ಕಾಲ ಆಯ್ತೋ!”

ಮೇಸ್ತ್ರಿಗೆ ತಡೆಯಲಾಗಲಿಲ್ಲ. “ಸತ್ತಿಲ್ಲ ಸಾರ್. ಅದು ನನ್ನ ಕೈ.”

ಎಲ್ಲವನ್ನೂ ಹೇಳಿಬಿಟ್ಟ. ಪರೀಕ್ಷಕರು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

“ಹಾಗಾದ್ರೆ ಇದು ನಕಲು.”

“ಈಗ ತಾನೇ ಇಟಲೀಲೂ ಇಲ್ಲ ಅಂದ್ರಲ್ಲ ಸಾರ್?”

“ಕೈ ಒಳ್ಳೇದೇ ಇರಬಹುದು ಕಣಯ್ಯ. ಅಲ್ಲೀದಲ್ವಲ್ಲ.”

ಪ್ರದರ್ಶನಕ್ಕೆ ತಂಗಿ ಹೋದಳು. ದೊಡ್ಡಕ್ಕನಿಗೆ ಇಟಲಿಯಿಂದ ಹೊಸ ಮೂತಿ ಬಂತು. ಮೆಷಿನ್ನಲ್ಲಿ ಒತ್ತಿದ್ದು, ಎಡ ಬಲ ಒಂದೇ ಸಮ. ಜೊತೆಗೆ ಇದೇ ಅಸಲಿ ಎಂದು ಮೊಹರು ಹಾಕಿದ ಕಾಗದ.

“ಬಾಯಿ ಮುಚ್ಕೊಂಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಎಂದಳು ಹೆಂಡತಿ.

“ಇಪ್ಪತ್ತು ವರ್ಷ ಮುಚ್ಕೊಂಡೇ ಇದ್ನಲ್ಲೇ.”

ಹಳೆಯ ಮೂತಿ ಕೊಯ್ಯಲು ಹೊರಗಿನ ಟಿಂಕರುಗಳು ಬಂದರು. ಎರಡು ದಿನ ಬಣ್ಣ ಕೆರೆದು ಹುಡುಕಿದರೂ ಬೆಸುಗೆ ಎಲ್ಲಿದೆಯೆಂದು ಗೊತ್ತಾಗಲಿಲ್ಲ. ಚಿಕ್ಕ ಯಜಮಾನ ಮೇಸ್ತ್ರಿಗೆ ಹೇಳಿ ಕಳಿಸಿದ. ಮೇಸ್ತ್ರಿ ಬಂದು, ಕಣ್ಣು ಮುಚ್ಚಿ, ತಗಡಿನ ಮೇಲೆ ಹೆಬ್ಬೆರಳು ಆಡಿಸಿ, ಸೀಮೆಸುಣ್ಣದಲ್ಲಿ ಒಂದೇ ಗೆರೆ ಎಳೆದ.

“ಇಷ್ಟು ಸಾಕು ಮೇಸ್ತ್ರಿ, ನೀವು ಹೊರಡಿ. ಅವರು ಕೊಯ್ತಾರೆ,” ಎಂದ ಚಿಕ್ಕ ಯಜಮಾನ.

“ಅವರು ಕೊಯ್ದರೆ ಸೊಟ್ಟ ಹೋಗುತ್ತೆ,” ಎಂದು ಮೇಸ್ತ್ರಿ ಕಟರಿಗೆ ಕೈ ಚಾಚಿದ.