ಜೆಟ್ಟಿನ ಹೊಟ್ಟೆಗೆ ಎಂಜಿನ್ನೋ ಬ್ಯಾಟರಿಯೋ

ಎಂಜಿನ್ನಿನ ದನಿ ಸರಿಹೋದ ಗಳಿಗೆಗೆ ಅವಳು ಬಲಗೈ ಎತ್ತುತ್ತಿದ್ದಳು. ಗಂಡ ಸೂಜಿ ತಿರುಪಿನ ಮೇಲಿಟ್ಟ ಬೆರಳನ್ನು ಅಲ್ಲಿಗೇ ನಿಲ್ಲಿಸುತ್ತಿದ್ದ. ನೋಡಿದವರಿಗೆ ಹೆಂಗಸು ಸೊಳ್ಳೆ ಓಡಿಸಿದಳೆಂದೋ ಕೂದಲು ಹಿಂದಕ್ಕೆ ಸರಿಸಿಕೊಂಡಳೆಂದೋ ಅನ್ನಿಸಬೇಕು, ಅಷ್ಟೇ. ಎಂಟು ವರ್ಷದಿಂದ ಹೀಗೇ ನಡೆದು ಬಂದಿತ್ತು. ಆ ಕೈ ಯಾಕೆ ಮೇಲೇಳುತ್ತದೆ ಎಂಬುದು ಅವರಿಬ್ಬರನ್ನು ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ.

ಗಂಡ ಮೂವತ್ತಾರು ವರ್ಷ ವರ್ಕ್‌ಶಾಪಿನ ಲೇತ್ ಮುಂದೆ ನಿಂತು ಕಬ್ಬಿಣ ಕಡೆದವನು. ಆ ಕಿರಿಚಾಟ ಅವನ ಕಿವಿಯನ್ನು ಸ್ವಲ್ಪಸ್ವಲ್ಪವಾಗಿ ತಿಂದುಹಾಕಿತ್ತು. ಮೊದಲು ಹೋದದ್ದು ಸಣ್ಣ ದನಿಗಳು: ಗುಬ್ಬಿಯ ಚಿಲಿಪಿಲಿ, ಬಾಗಿಲ ಗಂಟೆ, ಮೊಮ್ಮಗಳ ಪಿಸುಮಾತು. ದಪ್ಪ ದನಿ ಇನ್ನೂ ಕೇಳಿಸುತ್ತಿತ್ತು. ಮಿಕ್ಕದ್ದನ್ನು ಎದುರಿನವರ ತುಟಿ ನೋಡಿ ತುಂಬಿಕೊಳ್ಳುತ್ತಿದ್ದ. ಹಾಗೂ ತಿಳಿಯದಿದ್ದಾಗ ಸುಮ್ಮನೆ ನಕ್ಕುಬಿಡುತ್ತಿದ್ದ. ಇದರಿಂದಾಗಿ ಬೀದಿಯಲ್ಲಿ ಅವನಿಗೆ ಬಲು ಒಳ್ಳೆಯ ಮನುಷ್ಯ ಎಂಬ ಹೆಸರು ಬಂದಿತ್ತು.

ಕೆಲಸ ಬಿಟ್ಟ ಮೇಲೆ ಅವನ ಪ್ರಾಣವೆಲ್ಲ ಒಂದು ಜೆಟ್ಟಿನಲ್ಲಿತ್ತು. ತಾನೇ ಪ್ಲೈವುಡ್ ಕೊಯ್ದು, ಅಂಟಿಸಿ, ಉಜ್ಜಿ, ಬಣ್ಣ ಬಳಿದ ಮಾದರಿ ವಿಮಾನ. ಮಕ್ಕಳ ಮಂಚದಷ್ಟು ಉದ್ದ. ರೇಡಿಯೋ ಪೆಟ್ಟಿಗೆ ಹಿಡಿದು ನೆಲದ ಮೇಲೆ ನಿಂತು ಹಾರಿಸುವಂಥದ್ದು. ಅದರ ಹೊಟ್ಟೆಯೊಳಗೆ ಹಳೇ ಕಾಲದ ಎಂಜಿನ್ನು. ಸ್ಪಿರಿಟ್ಟಿಗೆ ಹರಳೆಣ್ಣೆ ಬೆರೆಸಿ ಕುಡಿಸಿದರೆ ಕೊಳವೆಯೊಳಗಿನ ಫ್ಯಾನನ್ನು ತಿರುಗಿಸುತ್ತದೆ, ಫ್ಯಾನು ಹಿಂದಕ್ಕೆ ಗಾಳಿ ಉಗುಳಿ ವಿಮಾನವನ್ನು ಮುಂದಕ್ಕೆ ತಳ್ಳುತ್ತದೆ. ಎಷ್ಟು ಕುಡಿಸಬೇಕೆಂಬುದು ಆ ಸೂಜಿ ತಿರುಪಿನ ಲೆಕ್ಕ. ಅದು ಟಿಕ್ ಟಿಕ್ ಎಂದು ಒಂದೊಂದೇ ಹಲ್ಲು ತಿರುಗುತ್ತದೆ. ಇಂಧನ ಹೆಚ್ಚಾದರೆ ಎಂಜಿನ್ನು ಗೊಗ್ಗರು ಗಂಟಲಲ್ಲಿ ಕೆಮ್ಮುತ್ತದೆ. ಕಡಿಮೆ ಮಾಡುತ್ತ ಹೋದರೆ ದನಿ ಏರಿ, ತಿಳಿಯಾಗಿ, ಒಂದು ಕಡೆ ತುಂಬಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹೋದರೆ ಒಣಗಿ, ಬಿಸಿಯೇರಿ, ಸತ್ತೇ ಹೋಗುತ್ತದೆ. ಆ ತುಂಬಿದ ದನಿಯೇ ಅವನಿಗೆ ಕೇಳಿಸುತ್ತಿರಲಿಲ್ಲ.

ಅವಳಿಗೆ ಕೇಳಿಸುತ್ತಿತ್ತು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮೆಷಿನ್ನು ಇಟ್ಟುಕೊಂಡು ಶಾಲೆಯ ಯೂನಿಫಾರಂ, ಕಿಟಕಿ ಪರದೆ, ದಿಂಬಿನ ಚೀಲ ಹೊಲಿಯುತ್ತ ಮಕ್ಕಳನ್ನು ದಡ ಸೇರಿಸಿದವಳು. ಕೆಲಸಕ್ಕೆ ಬರುವ ಹುಡುಗಿ ಇನ್ನೊಂದು ಮೆಷಿನ್ನು ತುಳಿಯುವಾಗ ಇವಳು ಒಳಗಿನಿಂದಲೇ, "ಕೆಳಗಿನ ದಾರ ಸಡಿಲ ಆಗಿದೆ ನೋಡೇ" ಎನ್ನುತ್ತಿದ್ದಳು. ಒಮ್ಮೆಯೂ ತಪ್ಪಿದ್ದಿಲ್ಲ. ಎಂಟು ವರ್ಷದ ಹಿಂದೆ ಗಂಡ ಹಿತ್ತಿಲಲ್ಲಿ ಮೂರು ದಿನ ಎಂಜಿನ್ನಿನ ಜೊತೆ ಗುದ್ದಾಡಿ ಸೋತಾಗ, ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೊರಗೆ ಬಂದು, ಸೂಜಿ ತೆಗೆದು, "ಆಗಲೇ ಸರಿಯಾಗಿತ್ತಲ್ರೀ, ಮತ್ಯಾಕೆ ಕೆಡಿಸ್ತಿದೀರಿ?" ಎಂದಿದ್ದಳು. ಅವನು ಬಹಳ ಹೊತ್ತು ಅವಳ ಮುಖ ನೋಡಿ, "ಯಾವಾಗ?" ಎಂದಷ್ಟೇ ಕೇಳಿದ್ದ. ಅವತ್ತಿನಿಂದ ಭಾನುವಾರ ಬಂತೆಂದರೆ ಇಬ್ಬರೂ ಒಟ್ಟಿಗೇ ಮೈದಾನಕ್ಕೆ. ಹಾರಿಸುವ ಗೆಳೆಯರು, "ಏನಮ್ಮಾ, ಈ ವಯಸ್ಸಲ್ಲೂ ಯಜಮಾನರನ್ನ ಒಂದು ಗಳಿಗೆ ಬಿಟ್ಟಿರಲ್ವಲ್ಲ!" ಎಂದು ಕಾಲೆಳೆದರೆ ಅವಳು ನಾಚಿಕೊಂಡಂತೆ ಮಾಡುತ್ತಿದ್ದಳು. ಒಳಗೊಳಗೆ ಹೆಮ್ಮೆ. ಯೂನಿಫಾರಮ್ಮಿಗೆ ಹಾಕಿದ ಗುಂಡಿ ಯಾರು ಹಾಕಿದರೆಂದು ಯಾರೂ ಕೇಳುವುದಿಲ್ಲ. ಈ ಜೆಟ್ಟು ಮಾತ್ರ ತಾನಿಲ್ಲದೆ ನೆಲ ಬಿಡದು.

ಈ ಕೆಲಸದಲ್ಲಿ ಒಂದು ಕಟ್ಟಳೆಯಿತ್ತು. ನೆಲದ ಮೇಲೆ ತುಂಬಿ ನಿಂತ ದನಿ ಮೇಲಕ್ಕೆ ಹೋದ ಮೇಲೆ ಇನ್ನೂ ಏರುತ್ತದೆ, ಒಣಗುತ್ತದೆ. ಅದಕ್ಕಾಗಿ ಅವಳು ಕೈ ಎತ್ತಿದ ಮೇಲೆ ಅವನು ಸೂಜಿಯನ್ನು, ತುಸು ಹೆಚ್ಚು ಇಂಧನ ಹೋಗುವಂತೆ, ಎರಡು ಟಿಕ್ ಹಿಂದಕ್ಕೆ ಬಿಡಬೇಕು. ಇತ್ತೀಚೆಗೆ ಅವನು ಮರೆಯುತ್ತಿದ್ದ. ಎರಡು ಸಲ ಅದನ್ನು ಕಂಡ ಅವಳು ಏನೂ ಅನ್ನದೆ, ದನಿ ತುಂಬುವುದಕ್ಕೆ ಸ್ವಲ್ಪ ಮೊದಲೇ ಕೈ ಎತ್ತತೊಡಗಿದಳು. ಅತ್ತ ಅವನಿಗೆ, ಜೆಟ್ಟು ಯಾಕೋ ಸೋಮಾರಿಯಾಗಿದೆ ಅನ್ನಿಸಿತು. ಅವನೂ ಏನೂ ಅನ್ನದೆ ಎರಡು ಟಿಕ್ ಬಿಡುವುದನ್ನೇ ನಿಲ್ಲಿಸಿದ. ಒಬ್ಬರ ಗುಟ್ಟು ಇನ್ನೊಬ್ಬರ ಗುಟ್ಟಿಗೆ ಸರಿದೂಗಿ ಮೂರು ವಾರ ಚೆನ್ನಾಗಿಯೇ ಹಾರಿತು. ನಾಲ್ಕನೆಯ ಭಾನುವಾರ ಅವಳಿಗೆ, ಗಂಡನಿಗೆ ಗೊತ್ತಿಲ್ಲದೆ ಹೀಗೆ ಮಾಡುವುದು ಸರಿಯಲ್ಲ ಅನ್ನಿಸಿ, ಹಿಂದಿನಂತೆ ದನಿ ಪೂರ್ತಿ ತುಂಬಿದ ಮೇಲೆಯೇ ಕೈ ಎತ್ತಿದಳು.

ಜೆಟ್ಟು ಮೈದಾನದ ಆಚೆ ತುದಿಯಲ್ಲಿ ತಿರುಗುತ್ತಿದ್ದಾಗ ದನಿ ತೆಳ್ಳಗಾಯಿತು. ಅವಳು, "ರೀ, ಇಳಿಸಿ! ಒಣಗ್ತಿದೆ, ಇಳಿಸ್ರೀ!" ಎಂದು ಬೇಲಿಯ ಈಚೆಯಿಂದ ಕೂಗಿಕೊಂಡಳು. ಅವನು ಬೆನ್ನು ತಿರುಗಿಸಿ ನಿಂತಿದ್ದ. ಮೂರು ಉಸಿರು ಕಳೆಯುವಷ್ಟರಲ್ಲಿ ಎಂಜಿನ್ನು ಕಚ್ಚಿಕೊಂಡು ನಿಂತಿತು. ಜೆಟ್ಟು ಹುಲ್ಲಿಗೆ ಅಪ್ಪಳಿಸಿ, ಉಜ್ಜಿಕೊಂಡು ಹೋಗಿ, ಊಟದ ಡಬ್ಬಿ ಬಿಚ್ಚಿ ಕೂತಿದ್ದ ಹುಲ್ಲು ಕತ್ತರಿಸುವವನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿತು. ಅವನು ಕೈತುತ್ತು ಹಿಡಿದುಕೊಂಡೇ ಎದ್ದು ನಿಂತಿದ್ದ.

ಎಲ್ಲರೂ ಓಡಿ ಬಂದರು. ಮೈದಾನದ ಉಸ್ತುವಾರಿ ನೋಡುವವನು ಸದಾ ಬಾಯಲ್ಲಿ ಸೀಟಿ ಕಚ್ಚಿಕೊಂಡಿರುತ್ತಿದ್ದ; ಎಲ್ಲರೂ ಅವನನ್ನು ಕರೆಯುವುದೂ ಸೀಟಿ ಎಂದೇ. "ಏನಾಯ್ತು?" ಎಂದು ಅವನು ಕೇಳಿದ.

"ಸೂಜಿ ಜಾರಿರ್ಬೇಕು. ಅದುರಾಟಕ್ಕೆ ಒಂದೊಂದ್ಸಲ ಜಾರತ್ತೆ" ಎಂದ ಗಂಡ.

ಸೂಜಿ ಜಾರಿರಲಿಲ್ಲ. ಅದು ಅವಳು ನಿಲ್ಲಿಸಿದ ಜಾಗದಲ್ಲೇ ಇತ್ತು.

ಮುರಿದ ಜೆಟ್ಟು ಅವಳ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಂದು ಮಲಗಿತು. ಮಾರನೆಯ ದಿನ ಮೈದುನ ಬಂದ. ಅವನದು ವಿದ್ಯುತ್ ಸ್ಕೂಟರುಗಳ ಬ್ಯಾಟರಿ ರಿಪೇರಿ ಅಂಗಡಿ. ರಟ್ಟಿನ ಪೆಟ್ಟಿಗೆಯಿಂದ ಮುಷ್ಟಿಗಾತ್ರದ ಒಂದು ಮೋಟಾರು, ಹನ್ನೆರಡು ಎಲೆಯ ಫ್ಯಾನು, ಇಟ್ಟಿಗೆಯಂಥ ಎರಡು ಬ್ಯಾಟರಿ ತೆಗೆದು ಸಾಲಾಗಿ ಇಟ್ಟ.

"ಅಣ್ಣಾ, ಇನ್ನಾದ್ರೂ ಆ ಎಣ್ಣೆ ಕುಡುಕನ್ನ ಮನೆಯಿಂದ ಆಚೆ ಹಾಕು. ಅತ್ತಿಗೆ ಹೊಲಿದ ಬಟ್ಟೆಗೆಲ್ಲ ಹರಳೆಣ್ಣೆ ವಾಸನೆ. ಮೊನ್ನೆ ನನ್ನ ಅಂಗಡಿಯ ಪರದೆಗೆ ಬೆಕ್ಕು ಬಂದು ಮುಖ ಉಜ್ಜಿ ಹೋಯ್ತು."

"ನಿನ್ನ ಪರದೆಗೆ ಬೆಕ್ಕು ಯಾಕೆ ಬರತ್ತೆ ಅಂತ ನಂಗೊತ್ತು, ತಿಂದ ಕೈ ಅದಕ್ಕೇ ಒರೆಸ್ತೀಯ" ಎಂದಳು ಅವಳು.

"ಬ್ಯಾಟರಿ ಎಷ್ಟು ಹೊತ್ತು ಹಾರಿಸತ್ತೆ?" ಗಂಡ ಕೇಳಿದ.

"ನಾಲ್ಕು ನಿಮಿಷ."

"ಎಂಜಿನ್ನು ಎಂಟು."

"ಎಂಟು ಹಾರತ್ತೆ, ಅದಕ್ಕೆ ಮುಂಚೆ ನಲವತ್ತು ನಿಮಿಷ ಕೆಮ್ಮತ್ತೆ. ಇದಕ್ಕೆ ಸೂಜಿ ಇಲ್ಲ, ಹದ ಇಲ್ಲ, ಒಣಗೋದಿಲ್ಲ. ಗುಂಡಿ ಒತ್ತು, ಹೊರಡು."

"ಅದು ಜೆಟ್ಟಾ? ಕೂದಲು ಒಣಗಿಸೋ ಮೆಷಿನ್ನು."

"ಇರ್ಲಿ ಬಿಡಣ್ಣ, ನಿಂಗೆ ಒಣಗಿಸೋಕೆ ಕೂದಲಾದ್ರೂ ಎಲ್ಲಿದೆ?"

ಗಂಡನಿಗೆ ತುಟಿ ಓದಲಾಗಲಿಲ್ಲವೋ ಏನೋ, ನಕ್ಕ. ಆಮೇಲೆ ಕಪಾಟಿನಿಂದ ಬಟ್ಟೆಯಲ್ಲಿ ಸುತ್ತಿಟ್ಟ ಹೊಸ ಪಿಸ್ಟನ್ನು, ಅದರ ಸಿಲಿಂಡರು ತೆಗೆದು ಮೇಜಿನ ಇನ್ನೊಂದು ಬದಿಗೆ ಇಟ್ಟ. ಎಂದೋ ತಂದಿಟ್ಟುಕೊಂಡಿದ್ದ. ಹಾಕಿದರೆ ಎಂಜಿನ್ನು ಮತ್ತೆ ಏಳುತ್ತಿತ್ತು. ನಡುವೆ ಖಾಲಿ ಹೊಟ್ಟೆ ಬಿಟ್ಟುಕೊಂಡ ಜೆಟ್ಟು, ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಮೈದುನ ಹೊರಟು ಹೋದ ಮೇಲೆ ಗಂಡ ಅವಳ ಕಡೆ ತಿರುಗಿ, "ನೀನೇ ಹೇಳು" ಎಂದ.

ಅವಳು ಮೂರು ದಿನ ಶಾಲೆಯ ಅಂಗಿಗಳಿಗೆ ಕಾಲರ್ ಕೂರಿಸುತ್ತ ಯೋಚಿಸಿದಳು. ಎಂಜಿನ್ನೇ ಇರಲಿ ಎಂದರೆ ಅವನ ಮುಖ ಅರಳುತ್ತದೆ, ಭಾನುವಾರಗಳು ಉಳಿಯುತ್ತವೆ, ತನ್ನ ಕಿವಿಗೂ ಕೆಲಸ ಉಳಿಯುತ್ತದೆ. ಬ್ಯಾಟರಿ ಹಾಕಿದರೆ ತನ್ನನ್ನು ಕೇಳುವವರಾರು? ತಾನು ಮನೆಯಲ್ಲಿ ಕಾಜಾ ಹಾಕುತ್ತ ಕೂರುವುದು, ಅವನು ತಮ್ಮನ ಜೊತೆ ಹೋಗಿ ಬರುವುದು. ಇಷ್ಟೆಲ್ಲ ಗೊತ್ತಿದ್ದೂ ಕಣ್ಣು ಮುಚ್ಚಿದರೆ ಆ ಕೈತುತ್ತು ಹಿಡಿದು ನಿಂತವನೇ ಕಾಣುತ್ತಿದ್ದ. ಎರಡು ಸಲ ಕಾಲರ್ ತಿರುವುಮುರುವು ಹೊಲಿದು ಬಿಚ್ಚಿದಳು. ಮೂವತ್ತು ವರ್ಷದಲ್ಲಿ ಹಾಗಾಗಿರಲಿಲ್ಲ.

ಗುರುವಾರ ಮಧ್ಯಾಹ್ನ ಮೆಷಿನ್ನು ನಿಲ್ಲಿಸಿ ಗಂಡನ ಎದುರಿಗೆ, ತುಟಿ ಕಾಣುವ ಹಾಗೆ ಸ್ಟೂಲು ಎಳೆದುಕೊಂಡು ಕೂತಳು.

"ಎರಡು ಟಿಕ್ ಬಿಟ್ಟಿದ್ರಾ ಅವತ್ತು?"

ಅವನು ಪಿಸ್ಟನ್ನು ಒರೆಸುತ್ತಿದ್ದವನು ಕೈ ನಿಲ್ಲಿಸಿದ. "ಇಲ್ಲ. ಮೂರು ವಾರದಿಂದ ಬಿಟ್ಟಿಲ್ಲ. ಎಳೀತಾನೇ ಇರ್ಲಿಲ್ಲ, ಅದಕ್ಕೆ."

"ನಾನು ಬೇಗ ಕೈ ಎತ್ತುತ್ತಿದ್ದೆ, ಅದಕ್ಕೇ ಎಳೀತಿರ್ಲಿಲ್ಲ. ನೀವು ಮರೀತೀರಿ ಅಂತ."

"ಮೂರು ವಾರಾನೂ?"

"ಮೂರು ವಾರಾನೂ. ನಾಲ್ಕನೇ ವಾರ ನಿಯತ್ತು ಬಂತು ನಂಗೆ."

ಅವನಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. "ಒಂದು ಮಾತು ಹೇಳೋಕೇನಾಗಿತ್ತು?" ಎಂದ.

"ನಿಮಗೇನಾಗಿತ್ತು?"

ಬೀದಿಯಲ್ಲಿ ಯಾರೋ ಕಬ್ಬಿಣದ ಬಾಗಿಲನ್ನು ಕಿರ್ರೆಂದು ಎಳೆದರು. ಅದು ಕೇಳಿಸಿದ್ದು ಅವಳೊಬ್ಬಳಿಗೆ.

"ಎಂಜಿನ್ನು ಬೇಡ ರೀ. ಬ್ಯಾಟರಿ ಹಾಕಿ" ಎಂದಳು.

"ನಿನ್ನ ಕಿವಿ ಇದೆಯಲ್ಲೇ. ಇನ್ಮೇಲೆ ಹೇಳಿಕೊಂಡೇ ಮಾಡೋಣ."

"ನನ್ನ ಕಿವಿ ನೆಲದ ಮೇಲೆ, ಬೇಲಿ ಈಚೆ. ಅದು ಒಣಗೋದು ಮೇಲೆ. ನಾನು ಕೂಗಿದ್ದು ನಿಮಗೆ ಕೇಳಿಸ್ತಾ?"

"ಕೂಗಿದ್ಯಾ?"

"ಗಂಟಲು ಹರಿಯೋ ಹಾಗೆ."

ಅವನು ಪಿಸ್ಟನ್ನನ್ನು ಬಟ್ಟೆಯಲ್ಲಿ ಸುತ್ತಿದ, ಮತ್ತೆ ಬಿಚ್ಚಿದ. ತಲೆ ತಗ್ಗಿಸಿಕೊಂಡೇ, "ಬ್ಯಾಟರಿ ಹಾಕಿದ್ರೆ ನೀನ್ಯಾಕೆ ಬರ್ತೀಯ ಮೈದಾನಕ್ಕೆ?" ಎಂದ.

ಈ ಮನುಷ್ಯ ಹಳೇ ಎಂಜಿನ್ನಿಗೆ ಜೋತುಬಿದ್ದದ್ದು ಎಂಟು ನಿಮಿಷದ ಹಾರಾಟಕ್ಕೆಂದೇ ಅವಳು ತಿಳಿದಿದ್ದಳು. ತಾನು ಮೂರು ದಿನ ಹೊಟ್ಟೆಯಲ್ಲಿ ಹಾಕಿಕೊಂಡು ತಿರುಗಿದ್ದನ್ನೇ ಇವನೂ ಹಾಕಿಕೊಂಡು ಕೂತಿದ್ದ.

"ಕರೆದ್ರೆ ಬರ್ತೀನಿ" ಎಂದಳು. "ಎಂಟು ವರ್ಷದಲ್ಲಿ ಒಂದು ದಿನ ಬಾ ಅಂತ ಕರೆದಿದ್ದೀರಾ? ಸ್ಪ್ಯಾನರ್ ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದ್ರಿ. ಮೇಲಿಂದ ಸೂಜಿ ಜಾರಿತು ಅಂದ್ರಿ. ಅದನ್ನ ನಾನು ಮರೆತಿಲ್ಲ."

ಅವನು ಈ ಸಲ ನಗಲಿಲ್ಲ. ಪೂರ್ತಿ ತಿಳಿದಿತ್ತು.

ರೆಕ್ಕೆ ಕೂಡಿಸಿ, ಹೊಟ್ಟೆಗೆ ತೇಪೆ ಹಾಕಿ, ಮೋಟಾರು ಕೂರಿಸುವುದಕ್ಕೆ ಐದು ವಾರ ಹಿಡಿಯಿತು. ಬ್ಯಾಟರಿಯ ಭಾರಕ್ಕೆ ಜೆಟ್ಟಿನ ಮೂಗು ಬಾಗಿತೆಂದು ಅಣ್ಣತಮ್ಮಂದಿರು ಎರಡು ದಿನ ಮಾತು ಬಿಟ್ಟಿದ್ದೂ ಆಯಿತು. ಆರನೆಯ ಭಾನುವಾರ ಬೆಳಗ್ಗೆ ಅವನು ಷರಟಿನ ಗುಂಡಿ ಹಾಕಿಕೊಳ್ಳುತ್ತ ಅವಳ ಕೋಣೆಯ ಬಾಗಿಲಲ್ಲಿ ನಿಂತು, ಹೊಸಬನಂತೆ, "ಬರ್ತೀಯಾ?" ಎಂದ. ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು.

ಮೈದಾನದಲ್ಲಿ ಗೆಳೆಯರೆಲ್ಲ ಮೋಟಾರನ್ನು ಇಣುಕಿ ನೋಡಿದರು. "ಏನ್ ಮಾವ, ಹಳೇ ಎಂಜಿನ್ನಿನ ಹದ ಕಟ್ಟೋದ್ರಲ್ಲಿ ನಿಮ್ಮನ್ನ ಬಿಟ್ರೆ ಇಲ್ಲ ಅಂತಿದ್ವಿ, ನೀವೇ ಕೈಬಿಟ್ರಾ?" ಎಂದ ಒಬ್ಬ.

ಗಂಡ ಗಂಟಲು ಸರಿಮಾಡಿಕೊಂಡ. "ಹದ ಕಟ್ಟಿದ್ದು ನಾನಲ್ಲ. ಇವಳು. ಎಂಟು ವರ್ಷ ಇವಳೇ. ನನಗೆ ಆ ದನಿ ಕೇಳಿಸೋದೇ ಇಲ್ಲ. ಅವತ್ತು ಸೂಜಿ ಜಾರಿದ್ದೂ ಸುಳ್ಳು. ಎರಡು ಟಿಕ್ ಬಿಡದೇ ಇದ್ದಿದ್ದು ನಾನು."

ಯಾರೂ ತಮಾಷೆ ಮಾಡಲಿಲ್ಲ. ಸೀಟಿ ಬಾಯಿಂದ ಸೀಟಿ ತೆಗೆದು ಅವನ ಮುಖದ ಹತ್ತಿರ ಬಂದ. "ಮತ್ತೆ ಇಳಿಸಿ ಅಂತ ನಾನು ಸೀಟಿ ಊದ್ತಿದ್ದದ್ದು?"

"ಅದೂ ಕೇಳಿಸ್ತಿರ್ಲಿಲ್ಲ. ಬೇರೆಯವರು ಇಳಿಸೋದು ನೋಡಿ ಇಳಿಸ್ತಿದ್ದೆ."

"ಅಲ್ಲಿ ಒಬ್ಬ ಮನುಷ್ಯ ಕೂತಿದ್ದ" ಎಂದ ಸೀಟಿ. ದನಿ ಏರಿಸಲಿಲ್ಲ, ನಿಧಾನವಾಗಿ, ತುಟಿ ಬಿಡಿಸಿ ಹೇಳಿದ. "ಕಿವಿ ಡಾಕ್ಟರ ಚೀಟಿ ತರೋವರೆಗೆ ನೀವು ಹಾರಿಸೋ ಹಾಗಿಲ್ಲ. ಮೋಟಾರೇ ಇರಲಿ, ಎಂಜಿನ್ನೇ ಇರಲಿ."

ಅವಳಿಗೆ ಕಣ್ಣು ತುಂಬಿತು. ಹೇಳಿಸಿದ್ದು ತಾನೇ. ಗಂಡ ಮಾತ್ರ ತಲೆಯಾಡಿಸಿ, ರೇಡಿಯೋ ಪೆಟ್ಟಿಗೆಯ ಪಟ್ಟಿಯನ್ನು ಕೊರಳಿಂದ ತೆಗೆದು ಜೊತೆಗೆ ಬಂದಿದ್ದ ತಮ್ಮನ ಕೊರಳಿಗೆ ಹಾಕಿದ. "ನಾಲ್ಕು ನಿಮಿಷ ಅಂದಿದ್ದೆ ನೀನು. ಮೂರಕ್ಕೇ ಇಳಿಸು. ಕೆಡವಿದ್ರೆ ನಿನ್ನ ಅಂಗಡಿ ಪರದೆ ನೀನೇ ಹೊಲಿದುಕೋ."

"ಅಯ್ಯೋ, ಅತ್ತಿಗೆ ಶಾಪಕ್ಕಿಂತ ಇದು ದೊಡ್ಡದು" ಎಂದು ಮೈದುನ ಓಡಿದ.

ಗಂಡಹೆಂಡಿರು ಬೇಲಿಯ ಪಕ್ಕದ ಬೆಂಚಿನ ಮೇಲೆ ಕೂತರು. ಜೆಟ್ಟು ಕೆಮ್ಮಲಿಲ್ಲ, ಹೊಗೆ ಬಿಡಲಿಲ್ಲ; ಹುಲ್ಲಿನ ಮೇಲೆ ಸರ್ರನೆ ಓಡಿ ಎದ್ದಿತು. ದನಿ ಹಿಡಿಯುವಾಗ ನೆಲ ನೋಡುವುದು ಅವಳ ಅಭ್ಯಾಸ. ಕಣ್ಣು ಕೆಲಸ ಮಾಡಿದರೆ ಕಿವಿ ಮಂಕಾಗುತ್ತದೆ. ಹಾಗಾಗಿ ಇಷ್ಟು ವರ್ಷ ಈ ಜೆಟ್ಟು ಎದ್ದ ಮೇಲೆ ಏನು ಮಾಡುತ್ತದೆಂದು ಅವಳು ಸರಿಯಾಗಿ ನೋಡಿದ್ದೇ ಇಲ್ಲ. ಅದು ಮೋಡದ ಕೆಳಗೆ ಒಂದು ರೆಕ್ಕೆ ತಗ್ಗಿಸಿ ಅಗಲವಾಗಿ ತಿರುಗಿತು, ಹೊಟ್ಟೆಯ ತೇಪೆ ಬಿಸಿಲಿಗೆ ಒಮ್ಮೆ ಕಂಡಿತು, ಮತ್ತೆ ನೇರವಾಗಿ ಅವರ ತಲೆಯ ಮೇಲಿಂದಲೇ ಹೋಯಿತು.

ಗಂಡ ಅವಳ ತೋಳು ಮುಟ್ಟಿ, "ದನಿ ಹೇಗಿದೆಯೇ?" ಎಂದು ಕೇಳಿದ.

"ಗೊತ್ತಿಲ್ಲ ರೀ" ಎಂದಳು ಅವಳು, ಕತ್ತು ಇಳಿಸದೆ. "ನೋಡ್ತಿದ್ದೆ."