ಕೌದಿಯ ಹೊಟ್ಟೆ

ಅತ್ತೆ ಮತ್ತು ನಾನು ಆರು ವರ್ಷ ಮಾತಾಡಲಿಲ್ಲ. ಒಂದೇ ಮನೆ, ಒಂದೇ ಒಲೆ. ಅವರು ರೊಟ್ಟಿ ಬಡಿಯುತ್ತಿದ್ದರು, ನಾನು ಪಕ್ಕದಲ್ಲೇ ಪಲ್ಯ ಮಾಡುತ್ತಿದ್ದೆ. ಏನಾದರೂ ಹೇಳುವುದಿದ್ದರೆ ಇಬ್ಬರೂ ಬೆಕ್ಕಿಗೆ ಹೇಳುತ್ತಿದ್ದೆವು. "ಉಪ್ಪಿನ ಡಬ್ಬಿ ಯಾರರ ಈ ಕಡೆ ಸರಸ್ತಾರೇನು" ಎಂದು ಅವರು ಬೆಕ್ಕಿನ ಮುಖ ನೋಡಿ ಕೇಳಿದರೆ ನಾನು ಡಬ್ಬಿ ಸರಿಸುತ್ತಿದ್ದೆ. ಕುಂದಗೋಳ ತಾಲೂಕಿನಲ್ಲಿ ನಮ್ಮ ಬೆಕ್ಕಿನಷ್ಟು ಮಾತು ಕೇಳಿಸಿಕೊಂಡ ಬೆಕ್ಕು ಇನ್ನೊಂದು ಇರಲಿಕ್ಕಿಲ್ಲ.

ನಾನು ಬಸುರಿಯಾಗಿದ್ದಾಗ ಹೀಗಿರಲಿಲ್ಲ. ಏಳು ತಿಂಗಳು ತುಂಬಿದ ಮೇಲೆ ಅತ್ತೆ ಹಳೆಯ ಸೀರೆ, ಧೋತರದ ತುಣುಕುಗಳನ್ನು ಜೋಡಿಸಿ ಕೂಸಿಗೊಂದು ಸಣ್ಣ ಕೌದಿ ಹೊಲಿಯಲು ಕುಳಿತರು. "ನಿಮ್ಮವ್ವನ ಸೀರಿ ಇದ್ರ ಒಂದ ತುಣುಕ ಕೊಡು. ತವರಮನೀದೂ ಇರ್ಲಿ" ಎಂದರು. ಅವ್ವ ತೀರಿಹೋಗಿ ಎರಡು ವರ್ಷವಾಗಿತ್ತು. ಟ್ರಂಕಿನಲ್ಲಿದ್ದ ಅವಳ ಇಳಕಲ್ ಸೀರೆಯ ಕೆಂಪು ಸೆರಗನ್ನು ಕತ್ತರಿಸಿ ಕೊಟ್ಟೆ. ಕೌದಿ ಮುಗಿಯುತ್ತ ಬಂದಾಗ ಒಂದು ಮೂಲೆಯನ್ನು ಹಾಗೇ ಬಿಟ್ಟರು. ಕೊನೆಯ ಹೊಲಿಗೆ ಹಾಕುವ ಮುನ್ನ ಅದರೊಳಗೆ ಬಿಸಿ ರೊಟ್ಟಿಯ ಚೂರು ಇಡಬೇಕು, ಕೌದಿಯ ಹೊಟ್ಟೆ ಖಾಲಿಯಿದ್ದರೆ ಹೊದ್ದವರೂ ಹಸಿದಿರುತ್ತಾರೆ ಎಂಬುದು ಅವರ ನಂಬಿಕೆ. "ಕೂಸು ಮನಿಗೆ ಬಂದ ದಿನ ಮುಚ್ಚೂಣು" ಎಂದಿದ್ದರು.

ಎಂಟನೇ ತಿಂಗಳಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು, ಅಳಲಿಲ್ಲ. ನನಗೆ ಒಮ್ಮೆ ಮುಖ ತೋರಿಸಿದರು. ಗಂಡ ಅದನ್ನು ಊರಿಗೆ ಒಯ್ದು ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದ. ನಾನು ಇನ್ನೂ ಐದು ದಿನ ಆಸ್ಪತ್ರೆಯಲ್ಲೇ ಇದ್ದೆ.

ಮನೆಗೆ ಬಂದ ದಿನ ಬಾಜು ಮನೆಯಾಕೆ ಮಾತಾಡಿಸಲು ಬಂದಳು. "ನಿಮ್ಮ ಅತ್ತಿ ಅಗದಿ ಗಟ್ಟಿ ಎದಿಯಾಕಿ ಬಿಡವಾ. ಕೂಸಿನ್ನೂ ಮನ್ಯಾಗಿತ್ತು, ಒಲಿ ಹಚ್ಚಿ ರೊಟ್ಟಿ ಬಡದ್ಲು. ಸಪ್ಪಳ ನಾವ ಕೇಳೇವಿ" ಎಂದಳು. ಸಾವಾದ ಮನೆಯಲ್ಲಿ ಅಂದು ಒಲೆ ಹೊತ್ತಿಸುವುದಿಲ್ಲ. ಕೌದಿಯೂ ಎಲ್ಲೂ ಕಾಣಲಿಲ್ಲ. ಕೇಳಿದರೆ ಅತ್ತೆ "ಅದರ ಮಾತ ಬಿಡು" ಎಂದು ಎದ್ದು ಹೋದರು.

ತಿಂಗಳೊಪ್ಪತ್ತಿಗೆ ನಾದಿನಿ ತನ್ನ ಎಳೆಗೂಸನ್ನು ಎತ್ತಿಕೊಂಡು ಬಂದಳು. ಅದನ್ನು ಮಲಗಿಸಿದ ಕೌದಿಯಲ್ಲಿ ಕೆಂಪು ಬಟ್ಟೆ ಕಂಡಿತು. ಹತ್ತಿರ ಹೋಗಿ ನೋಡುವ ತಾಳ್ಮೆ ನನಗೆಲ್ಲಿತ್ತು. "ನನ್ನ ಕೂಸು ಸತ್ತ ದಿನ ರೊಟ್ಟಿ ಬಡಕೊಂಡು ತಿಂದ್ರಿ. ನಮ್ಮವ್ವನ ಸೆರಗ ನಿಮ್ಮ ಮಗಳ ಕೂಸಿಗೆ ಹಾಸಿದ್ರಿ. ನೀವು ಮನಷ್ಯಾರೇನು?" ಎಂದೆ. ಅತ್ತೆ ನನ್ನನ್ನೇ ನೋಡಿದರು, ಕೂಸನ್ನು ಎತ್ತಿಕೊಂಡು ಒಳಗೆ ಹೋದರು. ಮಾತು ನಿಂತದ್ದು ಅವತ್ತು.

ನಿದ್ದೆ ಬಾರದೆ ಧಾರವಾಡದ ಡಾಕ್ಟರರ ಹತ್ತಿರ ಹೋದೆ. ಮನೆಯವರ ಜೊತೆ ಮನಸ್ಸು ಬಿಚ್ಚಿ ಮಾತಾಡಿ ಎಂದರು. ನಮ್ಮಲ್ಲಿ ಅದಕ್ಕೆ ಬೆಕ್ಕಿದೆ ಎನ್ನೋಣವೆನಿಸಿತು. ಗುಳಿಗೆ ಬರೆಸಿಕೊಂಡು ಬಸ್ಸು ಹತ್ತಿದೆ. ಮತ್ತೆ ಮಕ್ಕಳಾಗಲಿಲ್ಲ.

ಈ ಸಲ ಯುಗಾದಿಗೆ ಮುಂಚೆ ನಾದಿನಿ ಅದೇ ಕೌದಿಯನ್ನು ತೇಪೆ ಹಾಕಲು ಕಳಿಸಿದಳು. ಒಗೆದು ಹಿತ್ತಲಲ್ಲಿ ಒಣಹಾಕುವಾಗ ಅವ್ವನ ಸೆರಗನ್ನು ಹುಡುಕಿದೆ. ಆ ಸೆರಗಿನಲ್ಲಿ ಬಿಳಿಯ ತೆನೆಗಳ ಸಾಲಿತ್ತು. ಇದು ಬರಿಯ ಕೆಂಪು ಬಟ್ಟೆ. ಎರಡೂ ಮಗ್ಗುಲು ತಿರುವಿ ನೋಡಿದೆ, ಇರಲಿಲ್ಲ. ಅತ್ತೆ ಸೂಜಿ ದಾರ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದರು.

"ನಮ್ಮವ್ವನ ಸೆರಗ ಎಲ್ಲೈತ್ರಿ?" ಆರು ವರ್ಷದಲ್ಲಿ ಮೊದಲ ಸಲ ಅವರನ್ನೇ ಕೇಳಿದೆ.

"ನಿನ್ನ ಮಗಳ ಮೈಮ್ಯಾಲ" ಎಂದರು. "ಆ ಕೌದ್ಯಾಗ ಸುತ್ತಿ ಕಳಿಸಿದೆ."

"ಯಾಕ ಹೇಳಲಿಲ್ರಿ?"

"ಹೇಳಿದ್ರ ಓಡಿ ಹೋಗಿ ಮಣ್ಣ ಕೆದರತಿದ್ದಿ. ಆವಾಗ ನಿನ್ನ ಕಣ್ಣ ಹಂಗಿದ್ವು. ನಿನ್ನ ಗಂಡಗೂ ಬಾಯಿ ಬಿಡಬ್ಯಾಡ ಅಂದೆ. ಆಮ್ಯಾಲ ನಮ್ಮಿಬ್ಬರ ನಡುವ ಮಾತರ ಎಲ್ಲಿದ್ವು?"

ಅವರ ಪಕ್ಕ ಕುಳಿತೆ. "ಒಂದು ಮೂಲಿ ಬಿಟ್ಟಿದ್ರಲ್ಲ" ಎಂದೆ.

"ಮುಚ್ಚಿದೆ. ಅವತ್ತು ಮನ್ಯಾಗ ಒಣಾ ರೊಟ್ಟಿ ಸೈತ ಇರಲಿಲ್ಲ. ಒಲಿ ಹಚ್ಚಿ ಒಂದ ರೊಟ್ಟಿ ಬಡದೆ. ಒಂದ ಚೂರು ಒಳಗಿಟ್ಟೆ, ಉಳಿದದ್ದು ಎಮ್ಮಿಗೆ ಹಾಕಿದೆ." ಅವರು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟರು. "ನಿನ್ನ ಹಾಲ ಸೈತ ಕುಡೀಲಿಲ್ಲ ಅದು. ಖಾಲಿ ಹೊಟ್ಟೀಲೆ ಹೆಂಗ ಕಳಸ್ಲಿ?"

ಅವರ ತೊಡೆಗೆ ಮುಖವೊತ್ತಿ ಅಳುತ್ತ ಕುಳಿತೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. ಆರು ವರ್ಷ ನಾನು ಅವರನ್ನು ದ್ವೇಷಿಸಿದ್ದು ಒಂದು ರೊಟ್ಟಿಯ ಸಪ್ಪಳಕ್ಕೆ. ನನ್ನ ಮಗಳಿಗೆಂದು ಈ ಮನೆಯಲ್ಲಿ ಬಡಿದ ರೊಟ್ಟಿ ಅದೊಂದೇ.